ಅದಿರಿನ ಧೂಳಿಗೆ ಯಾವ ಏರ್ ಫಿಲ್ಟರ್: ಆಯಿಲ್ ಹಚ್ಚುವುದೋ, ಒಣ ಪೇಪರೋ?

ಬಳ್ಳಾರಿ ಜಿಲ್ಲೆಯಲ್ಲಿ ಅದಿರು, ಬೂದಿ ಇಲ್ಲವೇ ಜಲ್ಲಿ ಹೊರುವ ಟಿಪ್ಪರಿಗೆ ಯಾವ ಏರ್ ಫಿಲ್ಟರ್ ಹಾಕಿಸಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಗಾಡಿಯ ಜೊತೆಗೆ ಬಂದ ಹೌಸಿಂಗಿನಲ್ಲಿಯೇ (ಫಿಲ್ಟರ್ ಕೂರುವ ಡಬ್ಬಿಯಲ್ಲಿಯೇ) ಸರಿಯಾಗಿ ಕೂರುವ, ಹೊರಗೊಂದು ಒಳಗೊಂದು ಎಂದು ಎರಡು ಭಾಗವಿರುವ ಒಣ ಪೇಪರ್ ಫಿಲ್ಟರನ್ನೇ ಹಾಕಿಸಿ. ತೊಳೆದು, ಒಣಗಿಸಿ, ಆಯಿಲ್ ಸಿಂಪಡಿಸಿ ಮತ್ತೆ ಮತ್ತೆ ಬಳಸುವ ಹತ್ತಿಬಟ್ಟೆಯ ಫಿಲ್ಟರ್ ನಮ್ಮ ಧೂಳಿಗೆ ಹೇಳಿ ಮಾಡಿಸಿದ್ದಲ್ಲ. ಹಳೆಯ ಲಾರಿಗಳಲ್ಲಿ ಬರುತ್ತಿದ್ದ, ಬಟ್ಟಲಿನ ಆಯಿಲಿನಲ್ಲಿ ಧೂಳು ಹಿಡಿಯುವ ಆಯಿಲ್ ಬಾತ್ ಮೂರನೆಯ ಜಾತಿಯದು. ಅದರ ಬಗ್ಗೆ ನನಗೆ ಗೌರವವಿದೆ, ಆದರೆ ಅದರ ಮಾತು ಬೇರೆ. ಸಂಡೂರು–ತೋರಣಗಲ್ಲು ನಡುವೆ ಓಡುವ ನಮ್ಮ ಗಾಡಿಗಳಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು, ಮತ್ತು ಡೀಸೆಲ್ ಎಂಜಿನ್ ಉರಿಯಲು ಬೇಕಾದುದಕ್ಕಿಂತ ಯಾವಾಗಲೂ ಹೆಚ್ಚೇ ಗಾಳಿ ಎಳೆದುಕೊಳ್ಳುವುದರಿಂದ ನಿಜವಾದ ಪ್ರಮಾಣ ಅದರ ಒಂದೂವರೆ ಪಟ್ಟು, ಎರಡು ಪಟ್ಟು ಆಗುತ್ತದೆ. ದಿನಕ್ಕೆ 100 ಲೀಟರ್ ಕುಡಿಯುವ ಟಿಪ್ಪರ್ ಹೀಗೆ 15ರಿಂದ 20 ಲಕ್ಷ ಲೀಟರ್ ಗಾಳಿಯನ್ನು ಒಂದೇ ಫಿಲ್ಟರಿನ ಮೂಲಕ ಸೆಳೆಯುತ್ತದೆ. ಆದ್ದರಿಂದ ಶೇ. 98 ಧೂಳು ತಡೆಯುವ ಫಿಲ್ಟರಿಗೂ ಶೇ. 99.9 ತಡೆಯುವ ಫಿಲ್ಟರಿಗೂ ವ್ಯತ್ಯಾಸ ಎರಡು ಅಂಕಿಯಷ್ಟೇ ಎಂದು ಅಂಗಡಿಯವರು ಹೇಳಿದರೆ ತಲೆಯಾಡಿಸಬಾರದು. ನೂರು ಗ್ರಾಂ ಧೂಳು ಬಂದರೆ ಮೊದಲನೆಯದು 2 ಗ್ರಾಂ ಒಳಗೆ ಬಿಡುತ್ತದೆ, ಎರಡನೆಯದು 0.1 ಗ್ರಾಂ, ಎಂದರೆ ಎಂಜಿನ್ ತಿನ್ನುವ ಧೂಳಿನಲ್ಲಿ 20 ಪಟ್ಟು ಅಂತರ. ಒಳ್ಳೆಯ ಪೇಪರ್ ಫಿಲ್ಟರುಗಳು ಶೇ. 99.5ರಿಂದ ಮೇಲೆಯೇ ಇರುತ್ತವೆ. ಆಯಿಲ್ ಹಚ್ಚಿದ ಹತ್ತಿಬಟ್ಟೆಯವು ಸಾಮಾನ್ಯವಾಗಿ 96ರಿಂದ 99ರ ನಡುವೆ ಆಡುತ್ತವೆ. ಈ ಅಳತೆಗೆ ಐಎಸ್‌ಒ 5011 ಎಂಬ ಪರೀಕ್ಷಾ ಕ್ರಮವಿದೆ. ಅದರ ಹೆಸರೆತ್ತದೆ ಬರೀ ಶೇಕಡಾ ಲೆಕ್ಕವನ್ನು ದೊಡ್ಡಕ್ಷರದಲ್ಲಿ ಮುದ್ರಿಸಿದ ಡಬ್ಬಿಯನ್ನು ನಾನು ನಂಬುವುದಿಲ್ಲ.

ಇನ್ನು ಧೂಳು. ನಮ್ಮ ಕಡೆ ಧೂಳೆಂದರೆ ಕೆಂಪು ಎಂಬ ಮಾತು ಅರ್ಧ ಮಾತ್ರ ಸರಿ. ಸಂಡೂರಿನ ಬೆಟ್ಟಗಳಲ್ಲಿ ಹೆಮಟೈಟ್ ಎಂಬ ಕೆಂಪು ಕಬ್ಬಿಣದ ಅದಿರು ಬರಿದಾಗಿ ಇರುವುದಿಲ್ಲ. ಅದರ ಜೊತೆಯಲ್ಲಿಯೇ ಪಟ್ಟೆಪಟ್ಟೆಯಾಗಿ ಸಿಲಿಕಾ ಕಲ್ಲೂ ಇರುತ್ತದೆ. ಹೆಮಟೈಟಿನ ಸಾಂದ್ರತೆ ನೀರಿನ ಐದು ಪಟ್ಟಿಗೂ ಮಿಕ್ಕು, ಸಿಲಿಕಾದ್ದು ಎರಡೂವರೆ ಪಟ್ಟಿಗೆ ತುಸು ಹೆಚ್ಚು. ಆದರೆ ಗಡಸುತನದಲ್ಲಿ ಸಿಲಿಕಾವೇ ಮೇಲು. ಎಂದರೆ ತೂಕದ ಕೆಂಪು ಕಣ ಗಾಳಿಯ ತಿರುವಿನಲ್ಲಿ ಬೇಗ ಬೇರೆಯಾಗಿ ಬೀಳುತ್ತದೆ, ಲೈನರನ್ನು (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಯನ್ನು) ಗೀರುವ ಹಗುರ ಕಣ ಮುಂದೆ ಸಾಗುತ್ತದೆ. ಕುಡಿತಿನಿಯ ವಿದ್ಯುತ್ ಕೇಂದ್ರದಿಂದ ಹಾರುಬೂದಿ ಹೊರುವವರ ಕಷ್ಟ ಇನ್ನೊಂದು ಬಗೆಯದು. ಬೂದಿಯ ಕಣಗಳು ಬಹಳ ನುಣುಪು, ಬಹಳ ಹಗುರ, ಕೆಲವು ಒಳಗೆ ಪೊಳ್ಳು. ತಿರುವಿಗಾಗಲಿ ಎಣ್ಣೆಗಾಗಲಿ ಅವು ಸುಲಭವಾಗಿ ಸಿಗುವುದಿಲ್ಲ. ಎಂಜಿನ್ನಿಗೆ ಹೆಚ್ಚು ಕೆಡಕು ಮಾಡುವುದು 5ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಗಾತ್ರದ ಕಣಗಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಕಣಗಳು ಬರಿಗಣ್ಣಿಗೆ ಕಾಣುವುದೇ ಇಲ್ಲ. ಪಿಸ್ಟನ್ನಿನ ರಿಂಗು ಮತ್ತು ಲೈನರಿನ ನಡುವಿನ ಆಯಿಲ್ ಪದರಕ್ಕೆ ಹೊಕ್ಕು ಎರಡನ್ನೂ ಉಜ್ಜುವವು ಇವೇ. ಕಂಪ್ರೆಷನ್ ಇಳಿಯುವುದು, ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರಿನಲ್ಲಿ ಹೊಗೆ ಬರುವುದು, ಆಯಿಲ್ ತಿನ್ನುವುದು ಎಲ್ಲವೂ ಆಮೇಲೆ ಒಂದರ ಹಿಂದೆ ಒಂದಾಗಿ ಬರುತ್ತವೆ.

ಈ ಹಿನ್ನೆಲೆಯಲ್ಲಿ ಆಯಿಲ್ ಬಾತನ್ನು ನೋಡಿದರೆ ಅದರ ಗುಣವೂ ದೋಷವೂ ಒಟ್ಟಿಗೆ ತಿಳಿಯುತ್ತವೆ. ಗಾಳಿ ಮೇಲಿನಿಂದ ಇಳಿದು, ಬಟ್ಟಲಿನ ಆಯಿಲಿನ ಮೇಲೆ ಥಟ್ಟನೆ ತಿರುಗಿ, ಆಯಿಲಿನಲ್ಲಿ ತೊಯ್ದ ತಂತಿಜಾಲರಿಯ ಮೂಲಕ ಎಂಜಿನ್ನಿಗೆ ಹೋಗುತ್ತದೆ. ತೂಕದ ಧೂಳು ತಿರುವಿನಲ್ಲಿಯೇ ಆಯಿಲಿಗೆ ಬೀಳುತ್ತದೆ. ಅದಿರಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಬೂದಿಗೆ ಒಗ್ಗುವುದಿಲ್ಲ. ಆದರೆ ಈ ತಿರುವು ಕೆಲಸ ಮಾಡಬೇಕಾದರೆ ಗಾಳಿಗೆ ವೇಗ ಬೇಕು. ಲಾರಿ ತೂಗುವ ಕಾಟಾದ ಮುಂದೆ ಸಾಲಿನಲ್ಲಿ ನಿಂತ ಲಾರಿ ಐಡ್ಲಿಂಗಿನಲ್ಲಿದ್ದಾಗ ಆ ವೇಗ ಇರುವುದಿಲ್ಲ, ಮುಂದಿನ ಗಾಡಿ ಎಬ್ಬಿಸಿದ ಧೂಳು ಮಾತ್ರ ದಂಡಿಯಾಗಿರುತ್ತದೆ. ಬಟ್ಟಲಿನ ಗುರುತಿಗಿಂತ ಹೆಚ್ಚು ಆಯಿಲ್ ತುಂಬಿದರೆ ಎಂಜಿನ್ ಅದನ್ನೇ ಎಳೆದುಕೊಂಡು, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ ಓಡುವ ಅಪಾಯವಿದೆ. ಹಾಗೆಂದು, ಆಯಿಲ್ ಬಾತ್ ಇರುವ ಹಳೆಯ ಲಾರಿಯನ್ನೋ ಟ್ರ್ಯಾಕ್ಟರನ್ನೋ ಓಡಿಸುವವರು ಅದನ್ನು ಕಿತ್ತೆಸೆಯುವ ಅಗತ್ಯವಿಲ್ಲ. ಕಂಪನಿ ಹೇಳಿದ ಗ್ರೇಡಿನ ಹೊಸ ಆಯಿಲನ್ನು ಗುರುತಿನವರೆಗೆ ಹಾಕಿ, ತಳದಲ್ಲಿ ಕೆಸರು ಕೂರುತ್ತಿದ್ದಂತೆ ಬದಲಿಸಿ, ಜಾಲರಿಯನ್ನು ಡೀಸೆಲಿನಲ್ಲಿ ಜಾಲಾಡಿದರೆ ಸಾಕು. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲನ್ನು ಅದಕ್ಕೆ ಸುರಿಯುವ ಅಭ್ಯಾಸವನ್ನು ಮಾತ್ರ ಬಿಡಬೇಕು.

ತೊಳೆದು ಬಳಸುವ ಹತ್ತಿಬಟ್ಟೆ ಫಿಲ್ಟರಿನ ವಿಷಯಕ್ಕೆ ಬರೋಣ, ಏಕೆಂದರೆ ಈಗ ಮಾರುವವರ ಬಾಯಲ್ಲಿರುವುದು ಅದೇ. ಅದರ ಪರವಾಗಿ ಎರಡು ಮಾತು ಹೇಳುತ್ತಾರೆ: ಒಮ್ಮೆ ಕೊಂಡರೆ ಮುಗಿಯಿತು, ಮತ್ತು ಗಾಳಿ ಸಲೀಸಾಗಿ ಹೋಗುವುದರಿಂದ ಪಿಕಪ್ ಹೆಚ್ಚುತ್ತದೆ. ಪಿಕಪ್ಪಿನ ಮಾತು ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಲಾರಿಯ ಮಟ್ಟಿಗೆ ಹುರುಳಿಲ್ಲದ್ದು. ಟಿಪ್ಪರಿನ ಪೇಪರ್ ಫಿಲ್ಟರ್ ಗಾತ್ರದಲ್ಲಿ ದೊಡ್ಡದು, ಮಡಿಕೆಗಳು ಲೆಕ್ಕವಿಲ್ಲದಷ್ಟು. ಅದು ಕಟ್ಟಿಕೊಳ್ಳುವವರೆಗೆ ಎಂಜಿನ್ನಿಗೆ ಗಾಳಿಯ ಕೊರತೆಯೇ ಇರುವುದಿಲ್ಲ. ಇನ್ನು ಉಳಿತಾಯ. ಬೆಳಕಿಗೆ ಹಿಡಿದರೆ ಹೊಸ ಬಟ್ಟೆ ಫಿಲ್ಟರಿನ ನೇಯ್ಗೆಯ ಸಂದಿಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಕಾಣುತ್ತದೆ. ಆ ಸಂದಿಯನ್ನು ಕಾಯುವುದು ಬಟ್ಟೆಯಲ್ಲ, ಅದರ ಮೇಲಿನ ಅಂಟು ಆಯಿಲ್. ಆದ್ದರಿಂದ ಅದರ ಯೋಗ್ಯತೆ ಪೂರ್ತಿಯಾಗಿ ತೊಳೆಯುವವನ ಕೈಯಲ್ಲಿದೆ. ಅದಿರಿನ ರೋಡಿನಲ್ಲಿ ಓಡಿದ ಫಿಲ್ಟರನ್ನು ತೊಳೆಯಲು ಕುಳಿತರೆ ಎಷ್ಟು ಸಲ ನೀರು ಬಿಟ್ಟರೂ ಕೆಂಪು ಇಳಿಯುತ್ತಲೇ ಇರುತ್ತದೆ. ಅಷ್ಟಾದ ಮೇಲೆ ನೆರಳಿನಲ್ಲಿ ತಾನಾಗಿ ಒಣಗಬೇಕು, ಕಂಪ್ರೆಸರಿನ ಹವಾ ಹೊಡೆದು ಒಣಗಿಸುವಂತಿಲ್ಲ. ಆಮೇಲೆ ಮಡಿಕೆ ಮಡಿಕೆಗೂ ಆಯಿಲ್ ಸಿಂಪಡಿಸಿ ಅದು ಎಲ್ಲ ಕಡೆ ಹಬ್ಬುವವರೆಗೆ ಕಾಯಬೇಕು. ಕಡಿಮೆಯಾದರೆ ಧೂಳು ನುಗ್ಗುತ್ತದೆ, ಹೆಚ್ಚಾದರೆ ಆಯಿಲ್ ಮುಂದಕ್ಕೆ ಹೋಗುತ್ತದೆ. ಅಷ್ಟು ಹೊತ್ತು ಟಿಪ್ಪರ್ ನಿಲ್ಲಬೇಕು, ಇಲ್ಲವೇ ಇನ್ನೊಂದು ಫಿಲ್ಟರ್ ಕೊಂಡಿಟ್ಟಿರಬೇಕು. ಲೋಡು ಕಾದಿರುವಾಗ ಯಾವ ಕ್ಲೀನರ್ ಹುಡುಗ ಇಷ್ಟೆಲ್ಲ ಮಾಡುತ್ತಾನೆ?

ನಾವು ಪ್ರಯತ್ನಿಸಿದ ಬಟ್ಟೆ ಫಿಲ್ಟರ್ ತೆಗೆದಾಗ, ಫಿಲ್ಟರ್ ದಾಟಿ ಟರ್ಬೊ ಕಡೆಗೆ ಹೋಗುವ ಪೈಪಿನ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಬಟ್ಟೆಗೆ ಅಂಟಿದ್ದು ಪುಡಿಯಲ್ಲ. ಕಾವಿ ಬಣ್ಣದ, ಬೆರಳಿಗೆ ಹತ್ತಿಕೊಳ್ಳುವ ಲೇಪ. ಬೆರಳುಗಳ ನಡುವೆ ಉಜ್ಜಿದರೆ ತರಿತರಿಯಾಗಿತ್ತು. ಅದೇ ದಾರಿಯಲ್ಲಿ ಪೇಪರ್ ಫಿಲ್ಟರಿನೊಂದಿಗೆ ಓಡಿದ ಗಾಡಿಯ ಪೈಪನ್ನು ಹಾಗೆಯೇ ಒರೆಸಿದರೆ ಬಟ್ಟೆ ಬಹುಮಟ್ಟಿಗೆ ಬಿಳಿಯಾಗಿಯೇ ಬರುತ್ತದೆ. ಯಾವ ಜಾಹೀರಾತಿಗಿಂತಲೂ ಈ ಪರೀಕ್ಷೆ ಮೇಲು, ಖರ್ಚೂ ಇಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆಯ ಮಿತಿಯ ಹೊಸ ನಿಯಮದ) ಗಾಡಿಗಳಲ್ಲಿ, ಅದರಲ್ಲೂ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ, ಆಯಿಲಿನ ಪದರ ಸೆನ್ಸರಿನ ಮೇಲೆ ಕೂತರೆ ಅಳತೆ ತಪ್ಪಿ, ಡ್ಯಾಶ್‌ಬೋರ್ಡಿನಲ್ಲಿ ಲೈಟು ಹತ್ತುವ ತಲೆನೋವು ಬೇರೆ. ವಾರಂಟಿ ಇರುವವರು ಕಂಪನಿ ಒಪ್ಪದ ಫಿಲ್ಟರ್ ಹಾಕುವ ಮುನ್ನ ವಾರಂಟಿ ಪುಸ್ತಕ ಓದುವುದು ಒಳ್ಳೆಯದು.

ಪೇಪರ್ ಫಿಲ್ಟರಿಗೂ ಶತ್ರುಗಳಿದ್ದಾರೆ. ಅವರಲ್ಲಿ ಮೊದಲನೆಯವನು ಕಂಪ್ರೆಸರ್. ಟೈರಿನ ಅಂಗಡಿಯ ಹವಾ 8–10 ಬಾರ್ ಒತ್ತಡದ್ದು. ಅದನ್ನು ಹತ್ತಿರದಿಂದ ಹೊಡೆದರೆ ಪೇಪರ್ ಹರಿಯುತ್ತದೆ, ಮತ್ತು ಹರಿದ ಜಾಗ ಮಡಿಕೆಯ ಒಳಗಿರುವುದರಿಂದ ಕಾಣುವುದಿಲ್ಲ. ಹವಾ ಹೊಡೆಯಲೇಬೇಕೆಂದರೆ 2 ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ, ದೂರದಿಂದ, ಒಳಗಿನಿಂದ ಹೊರಕ್ಕೆ ಹೊಡೆದು, ಒಳಗೆ ಬಲ್ಬ್ ಹಿಡಿದು ತೂತು ಇದೆಯೇ ನೋಡಬೇಕು. ಟೈರಿಗೆ ಬಡಿದು ಧೂಳು ಉದುರಿಸಿದರೆ ತುದಿಯ ರಬ್ಬರ್ ಸೊಟ್ಟಗಾಗಿ ಸೀಲ್ ಹೋಗುತ್ತದೆ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ, ಪೇಪರಿನ ಮೇಲೆ ತೆಳುವಾಗಿ ಧೂಳು ಕೂತ ಮೇಲೆಯೇ ಅದು ಹೆಚ್ಚು ಚೆನ್ನಾಗಿ ಸೋಸುತ್ತದೆ. ದಿನವೂ ಬಿಚ್ಚಿ ಕೊಡವುವವರು ಗಾಡಿಗೆ ಉಪಕಾರ ಮಾಡುತ್ತಿಲ್ಲ. ನಮ್ಮ ಮೇಸ್ತ್ರಿ ಡ್ರೈವರುಗಳಿಗೆ ಹೇಳುವುದೂ ಇದನ್ನೇ: "ಇಂಡಿಕೇಟರ್‌ನ್ಯಾಗ ಕೆಂಪು ಬರೋತನಕ ಅದಕ್ಕ ಕೈ ಹಚ್ಚಬ್ಯಾಡ್ರಪ್ಪಾ." ಹೌಸಿಂಗಿನ ಮೇಲಿರುವ ಆ ಇಂಡಿಕೇಟರ್ ಫಿಲ್ಟರ್ ಎಷ್ಟು ಕಟ್ಟಿಕೊಂಡಿದೆ ಎಂಬುದನ್ನು ಎಂಜಿನ್ ಎಳೆಯುವ ಬಲದಿಂದಲೇ ಅಳೆಯುತ್ತದೆ, ಆದ್ದರಿಂದ ಕಿಲೋಮೀಟರ್ ಲೆಕ್ಕಕ್ಕಿಂತ ಅದರ ಮಾತು ನೆಚ್ಚುವಂಥದ್ದು. ಒಳಗಿನ ಸಣ್ಣ ಸೇಫ್ಟಿ ಫಿಲ್ಟರಿಗೆ ಮಾತ್ರ ಹವಾ ಹೊಡೆಯುವಂತೆಯೇ ಇಲ್ಲ. ಹೊರಗಿನದನ್ನು ಮೂರು ಸಲ ಬದಲಿಸಿದಾಗ ಒಮ್ಮೆ ಅದನ್ನೂ ಬದಲಿಸುವುದು ರೂಢಿ.

ಹೌಸಿಂಗಿನ ಕೆಳಭಾಗದಲ್ಲಿ ತುಟಿಯಂತೆ ಮುಚ್ಚಿಕೊಂಡಿರುವ ಒಂದು ರಬ್ಬರ್ ವಾಲ್ವ್ ಇರುತ್ತದೆ. ಹೊರಗಾಳಿ ಹೌಸಿಂಗಿನೊಳಗೆ ಸುತ್ತುವಾಗ ಬೇರೆಯಾದ ದಪ್ಪ ಧೂಳು ಅಲ್ಲಿ ಇಳಿಯುತ್ತದೆ. ಎರಡು ಬೆರಳಿನಿಂದ ಹಿಚುಕಿದರೆ ಸಂಡೂರಿನ ಟ್ರಿಪ್ ಮುಗಿಸಿದ ಗಾಡಿಯಲ್ಲಿ ಅಂಗೈ ತುಂಬ ಕೆಂಪು ಪುಡಿ ಸುರಿಯುತ್ತದೆ. ಅಷ್ಟೂ ಪೇಪರಿನವರೆಗೆ ಹೋಗದೆ ಉಳಿದ ಧೂಳು. ಈ ವಾಲ್ವ್ ಬಿದ್ದುಹೋದ, ಇಲ್ಲವೇ ತಂತಿ ಕಟ್ಟಿ ಮುಚ್ಚಿದ ಗಾಡಿಗಳನ್ನು ಪ್ರತಿ ಗ್ಯಾರೇಜಿನಲ್ಲಿಯೂ ನೋಡಬಹುದು. ಅಂಥವರು ಫಿಲ್ಟರ್ ಬೇಗ ಕಟ್ಟುತ್ತದೆ ಎಂದು ಕಂಪನಿಯನ್ನು ಬೈಯುತ್ತಿರುತ್ತಾರೆ. ಟರ್ಬೊ ಕಡೆಯ ಹೋಸಿನ ಕ್ಲಾಂಪ್ ಸಡಿಲವಿದ್ದರೂ ಅಷ್ಟೇ: ಅಲ್ಲಿಂದ ಒಳಹೋಗುವ ಗಾಳಿ ಯಾವ ಫಿಲ್ಟರನ್ನೂ ಕಾಣುವುದಿಲ್ಲ.

ಕೊಳ್ಳುವಾಗ ಡೂಪ್ಲಿಕೇಟಿನ ಬಗ್ಗೆ ಎಚ್ಚರವಿರಲಿ. ಅಸಲಿಯನ್ನೂ ಅಗ್ಗದ್ದನ್ನೂ ಪಕ್ಕಪಕ್ಕ ಇಟ್ಟರೆ ಮಡಿಕೆಗಳ ನಡುವಿನ ಅಂತರ ಒಂದೇ ಸಮ ಇದೆಯೇ, ತುದಿಯ ರಬ್ಬರ್ ಒತ್ತಿದರೆ ಮೆತ್ತಗೆ ಒಳಹೋಗಿ ಮತ್ತೆ ಮೇಲೇಳುತ್ತದೆಯೇ ಎಂಬುದರಲ್ಲಿಯೇ ಗುಟ್ಟು ಹೊರಬೀಳುತ್ತದೆ. ಒಂದು ಬಟ್ಟೆ ಫಿಲ್ಟರಿನ ಬೆಲೆಗೆ ಹಲವು ಪೇಪರ್ ಫಿಲ್ಟರ್ ಬರುತ್ತವೆ. ಅದರ ಜೊತೆ ತೊಳೆಯುವ ದ್ರಾವಣ, ಸಿಂಪಡಿಸುವ ಆಯಿಲ್ ಮತ್ತು ಗಾಡಿ ನಿಂತ ಹೊತ್ತನ್ನೂ ಸೇರಿಸಿದರೆ ಉಳಿತಾಯದ ಲೆಕ್ಕ ತಲೆಕೆಳಗಾಗುತ್ತದೆ. ಮಳೆಗಾಲದಲ್ಲಿ ಪೇಪರ್ ನೆನೆದರೆ ಊದಿಕೊಂಡು ಗಾಳಿ ಬಿಡುವುದಿಲ್ಲ, ಬಿಸಿಲಿಗಿಟ್ಟು ಮತ್ತೆ ಹಾಕಲೂ ಬಾರದು. ಇದು ಅದರ ನಿಜವಾದ ದೌರ್ಬಲ್ಯ. ಆದ್ದರಿಂದ ಗಾಳಿ ಎಳೆಯುವ ಕೊಳವೆಯ ಮೇಲಿನ ಟೋಪಿ ಒಡೆದಿದ್ದರೆ ಮುಂಗಾರಿಗೆ ಮೊದಲೇ ಹಾಕಿಸಬೇಕು. ರಾಯಚೂರಿನ ಮಾರುಕಟ್ಟೆಗೆ ಹತ್ತಿ ಹೊರುವ ಲಾರಿಗಳಿಗೆ ನುಣುಪು ಧೂಳಿಗಿಂತ ಹತ್ತಿಯ ಎಳೆಗಳ ಕಾಟ ಹೆಚ್ಚು. ಅವು ಮಡಿಕೆಗಳ ಮೇಲೆ ಪದರವಾಗಿ ಹಾಸಿಕೊಳ್ಳುತ್ತವೆ. ಅಂಥ ಗಾಡಿಯಲ್ಲಿ ಗಾಳಿ ಒಳಬರುವ ಬಾಯಿಗೆ ಒಂದು ಜಾಲರಿ ಇದ್ದು, ಅದನ್ನು ಡ್ರೈವರ್ ಪ್ರತಿ ಅನ್‌ಲೋಡಿಂಗ್ ಆದ ಮೇಲೆ ಕೈಯಿಂದಲೇ ಬಿಡಿಸಿದರೆ, ಒಳಗಿನ ಪೇಪರನ್ನು ಮುಟ್ಟುವ ಪ್ರಸಂಗವೇ ಅಪರೂಪಕ್ಕೆ ಬರುತ್ತದೆ.