ಕಾಕ್ರೇನ್ ಲೈಬ್ರರಿ ವೆಬ್‌ಸೈಟು: ಮುಂಬಯಿಯ ಜಿಪಿಗೆ (ಸಾಮಾನ್ಯ ಕ್ಲಿನಿಕ್ ಡಾಕ್ಟ್ರಿಗೆ) ಉಪಯೋಗ ಇದ್ಯಾ? ನನ್ ಲೆಕ್ಕದಲ್ಲಿ 4/5

ಮೊದ್ಲೇ ಹೇಳ್ಬಿಡ್ತೀನಿ, ಇದು ಡೋಸ್ ನೋಡೋ ಆ್ಯಪ್ ಅಲ್ಲ. ಹಂಗಂದ್ಕೊಂಡು ಒಳಗೆ ಹೋದ್ರೆ ತಲೆ ಚಿಟ್ಟು ಹಿಡಿದು ವಾಪಸ್ ಬರ್ತೀರ. ಒಂದು ಚಿಕಿತ್ಸೆ ಬಗ್ಗೆ ಎಲ್ಲೆಲ್ಲಿ ಟ್ರಯಲ್ (ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದ ಅಧ್ಯಯನ) ಆಗಿದ್ಯೋ ಅವನ್ನೆಲ್ಲ ಹುಡುಕಿ, ಜೊಳ್ಳನ್ನ ಜೊಳ್ಳು ಅಂತ್ಲೇ ಗುರುತು ಹಾಕಿ, ಎಲ್ಲ ಸೇರಿಸಿದ್ರೆ ಏನು ತಿಳಿಯುತ್ತೆ, ಅದನ್ನ ಎಷ್ಟರ ಮಟ್ಟಿಗೆ ನಂಬಬಹುದು ಅಂತ ಹೇಳೋ ರಿವ್ಯೂಗಳು ಇಲ್ಲಿರೋದು. ಆರ್ಚಿ ಕಾಕ್ರೇನ್ ಅಂತ ಬ್ರಿಟಿಷ್ ಡಾಕ್ಟ್ರು, ನಮ್ ವೃತ್ತಿಯೋರು ಟ್ರಯಲ್‌ಗಳನ್ನ ಒಂದ್ ಕಡೆ ಕೂಡಿಸಿ ತೂಗಿ ನೋಡೋದೇ ಇಲ್ಲ ಅಂತ 1979ರಲ್ಲೇ ಬೈದಿದ್ರು, ಅವರ ಹೆಸರಲ್ಲೇ 1993ರಲ್ಲಿ ಸಂಸ್ಥೆ ಶುರುವಾಯ್ತು.

ನನ್ದು ಮುಲುಂಡಲ್ಲಿ ಕ್ಲಿನಿಕ್. ಬರೋರಲ್ಲಿ ನಮ್ ಕಡೆಯೋರು ಜಾಸ್ತಿ, ಹೋಟೆಲ್ ಕಿಚನ್ ಹುಡುಗ್ರು, ಕ್ಯಾಂಟೀನ್ ನಡೆಸೋರು, ಊರಿಂದ ಮಗಳ ಮನೆಗೆ ಬಂದಿರೋ ಅಮ್ಮಂದ್ರು. ಮಳೆಗಾಲ ಬಂತಂದ್ರೆ ಎಲ್ರದ್ದೂ ಒಂದೇ ಪ್ರಶ್ನೆ: ಡಾಕ್ಟ್ರೇ, ನೀರಲ್ಲಿ ನಡ್ಕೊಂಡು ಬಂದೆ, ಇಲಿ ಜ್ವರದ ಮಾತ್ರೆ ಕೊಡಿ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದು, ಆಮೇಲೆ ಲೆಪ್ಟೋ, ಅಂದ್ರೆ ಈ ಇಲಿ ಜ್ವರ, ಹರಡಿದ್ದು ಈ ಊರು ಮರೆತಿಲ್ಲ. ಮುಂಬಯಿ ಪಾಲಿಕೆ ಬಿಎಂಸಿನೂ ಮಳೆ ನೀರಲ್ಲಿ ಓಡಾಡಿದೋರು 72 ಗಂಟೆ ಒಳಗೆ ಡಾಕ್ಟ್ರನ್ನ ನೋಡಿ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ ತಗೊಳ್ಳಿ ಅಂತ ಸೂಚನೆ ಕೊಡುತ್ತೆ. ಸರಿ, ಆದ್ರೆ ಆ ಮಾತ್ರೆ ನಿಜವಾಗ್ಲೂ ತಡೆಯುತ್ತಾ?

ಕಾಕ್ರೇನ್‌ನಲ್ಲಿ ಇದಕ್ಕೇ ಅಂತ ರಿವ್ಯೂ ಇದೆ. 2009ರದ್ದರಲ್ಲಿ ಬರೀ ಮೂರು ಟ್ರಯಲ್, ಲಾಭ ಸ್ಪಷ್ಟ ಇಲ್ಲ, ಹೊಟ್ಟೆ ತೊಳೆಸೋದು ವಾಂತಿ ಮಾತ್ರ ಜಾಸ್ತಿ ಅಂತ ಬರೆದ್ರು. 2024ರಲ್ಲಿ ಹೊಸದಾಗಿ ಮಾಡಿದ್ರೂ ಅದೇ ಕಥೆ, ಪುರಾವೆ ತೀರಾ ದುರ್ಬಲ, ಗೊತ್ತಿಲ್ಲ ಅಂತ. ಕೆಲವ್ರಿಗೆ ಇದು ಓದಿದ್ರೆ ಸಿಟ್ಟು ಬರುತ್ತೆ, ಇಷ್ಟು ಪುಟ ಬರೆದು ಕೊನೆಗೆ ಗೊತ್ತಿಲ್ಲ ಅನ್ನೋಕೆ ಇವರು ಬೇಕಿತ್ತಾ ಅಂತ. ನಂಗೆ ಇಷ್ಟ ಆಗೋದೇ ಅದು. ಯಾಕಂದ್ರೆ ಬಾಗಿಲಲ್ಲಿ ಬ್ಯಾಗ್ ಹಿಡ್ಕೊಂಡು ನಿಂತಿರೋ ಔಷಧಿ ಕಂಪನಿ ರೆಪ್ ಯಾವತ್ತೂ ಗೊತ್ತಿಲ್ಲ ಅನ್ನಲ್ಲ!

ಒಳಗಿಳಿದು ನೋಡಿದ್ರೆ ಗೊಂದಲ ಎಲ್ಲಿಂದ ಬಂತು ಅಂತಾನೂ ಗೊತ್ತಾಗುತ್ತೆ. 1984ರಲ್ಲಿ ಪನಾಮಾ ಕಾಡಲ್ಲಿ ಟ್ರೇನಿಂಗ್ ಮಾಡ್ತಿದ್ದ ಅಮೆರಿಕನ್ ಸೈನಿಕ್ರ ಮೇಲಿನ ಟ್ರಯಲ್ ಪ್ರಕಟ ಆಯ್ತು, ವಾರಕ್ಕೊಮ್ಮೆ 200 ಮಿಲಿಗ್ರಾಂ, ಮಾತ್ರೆ ತಗೊಂಡೋರಲ್ಲಿ 1 ಕೇಸು, ಔಷಧಿ ಇಲ್ಲದ ಸುಮ್ನೆ ಗುಳಿಗೆ ನುಂಗಿದೋರಲ್ಲಿ 20. ಅಬ್ಬಾ ಅನ್ಸುತ್ತೆ ಅಲ್ವಾ. ಆದ್ರೆ ನಮ್ದೇ ಅಂಡಮಾನ್‌ನಲ್ಲಿ 782 ಜನರ ಮೇಲೆ ಮಾಡಿದ ಟ್ರಯಲ್‌ನಲ್ಲಿ (ಪ್ರಕಟ ಆಗಿದ್ದು 2000ದಲ್ಲಿ) ಸೋಂಕು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಕಾಯಿಲೆ ಬಿದ್ದೋರು ಮಾತ್ರ 6.82% ಇದ್ದದ್ದು 3.11% ಆಯ್ತು. ಕೆಲವೇ ವಾರಕ್ಕೆ ಕಾಡಿಗೆ ಬಂದ ಗಟ್ಟಿಮುಟ್ಟು ಸೈನಿಕ ಬೇರೆ, ವರ್ಷವಿಡೀ ಅದೇ ಕೆಸರಲ್ಲಿ ಓಡಾಡೋ ರೈತ ಬೇರೆ. ನಮ್ ಭಾಂಡೂಪ್ ಕುರ್ಲಾ ಜನ ಯಾರಿಗೆ ಹತ್ರ ಅಂತ ನೀವೇ ಯೋಚ್ನೆ ಮಾಡಿ.

ಹಂಗಂತ ನಾನು ಮಾತ್ರೆ ಕೊಡೋದು ನಿಲ್ಸಿಲ್ಲ. ಕಾಲಲ್ಲಿ ಗಾಯ ಇದ್ದೋರು, ಚರಂಡಿ ಕೆಲ್ಸದೋರು, ಸೊಂಟದ ಮಟ್ಟ ನೀರಲ್ಲಿ ಬಂದೋರು ಅಂದ್ರೆ ಕೊಡ್ತೀನಿ, ಕಾಯಿಲೆ ಕಿಡ್ನಿಗೆ ಹೋದ್ರೆ ಜೀವಕ್ಕೇ ಕುತ್ತು, ಮಾತ್ರೆ ಅಗ್ಗ, ಹೊಟ್ಟೆ ತೊಳೆಸುತ್ತೆ ಊಟ ಆದ್ಮೇಲೆ ತುಂಬಾ ನೀರು ಕುಡ್ದು ನುಂಗಿ ಅಂತ ಹೇಳ್ತೀನಿ. ಶೂ ಒದ್ದೆ ಆಯ್ತು ಅಂತ ಬಂದೋರಿಗೆ ಕೊಡಲ್ಲ. ಬದಲಾಗಿರೋದು ಏನಂದ್ರೆ, ಮಾತ್ರೆ ತಗೊಂಡಿದೀನಿ ನಂಗೇನೂ ಆಗಲ್ಲ ಅಂತ ಯಾರೂ ಕೂರ್ಬಾರ್ದು, ಜ್ವರ ಬಂದ್ರೆ, ಮೀನಖಂಡ ನೋವು ಬಂದ್ರೆ, ಕಣ್ಣು ಕೆಂಪಾದ್ರೆ ಅವತ್ತೇ ಬನ್ನಿ ಅಂತ ಒತ್ತಿ ಹೇಳ್ತೀನಿ.

ಫ್ಲೂ ಮಾತ್ರೆ ಟ್ಯಾಮಿಫ್ಲೂ ಬಗ್ಗೆ ಇರೋ ರಿವ್ಯೂನೂ ಓದಿ, 2014ರದ್ದು. ಕಂಪನಿ ಒಳಗಿದ್ದ ಟ್ರಯಲ್ ರಿಪೋರ್ಟ್‌ಗಳಿಗೋಸ್ಕರ ವರ್ಷಗಟ್ಲೆ ಬೆನ್ನುಬಿದ್ದು ತರಿಸ್ಕೊಂಡು ಲೆಕ್ಕ ಹಾಕಿದ್ರೆ, ದೊಡ್ಡೋರಲ್ಲಿ ಫ್ಲೂ ಲಕ್ಷಣ 7 ದಿನ ಇರೋದು 6.3 ದಿನ ಆಗುತ್ತೆ, ಅಷ್ಟೇ. ಅದಕ್ಕೆ ಎಷ್ಟು ಸರ್ಕಾರಗಳು ಗೋಡೌನ್ ತುಂಬಿಸಿದ್ವು.

ದುಡ್ಡಿನ ವಿಷ್ಯ. ಸಾರಾಂಶ, ಸರಳ ಇಂಗ್ಲಿಷಿನ ಸಮ್ಮರಿ ಎಲ್ರಿಗೂ ಫ್ರೀ. ಪೂರ್ತಿ ರಿವ್ಯೂ 12 ತಿಂಗ್ಳು ಕಳೆದ್ಮೇಲೆ ತೆರೆಯುತ್ತೆ. ನಮ್ ದೇಶಕ್ಕೆ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 2007ರಲ್ಲೇ ದುಡ್ಡು ಕಟ್ಟಿ ತೆರೆಸಿತ್ತು, ಆದ್ರೂ ಎಷ್ಟೋ ಡಾಕ್ಟ್ರಿಗೆ ಗೊತ್ತೇ ಇಲ್ಲ. ಮಹಾರಾಷ್ಟ್ರದಲ್ಲಿ ಡಾಕ್ಟ್ರು ರಿಜಿಸ್ಟ್ರೇಷನ್ ರಿನ್ಯೂ ಮಾಡಿಸ್ಬೇಕಂದ್ರೆ 5 ವರ್ಷಕ್ಕೆ 30 ಕ್ರೆಡಿಟ್ ಪಾಯಿಂಟ್ ಬೇಕು, ಅದಕ್ಕೆ ಭಾನುವಾರ ಹೋಟೆಲ್ ಹಾಲಲ್ಲಿ ನಡೆಯೋ ಮೆಡಿಕಲ್ ಕ್ಲಾಸಲ್ಲಿ ಕೂತು, ಸ್ಲೈಡ್‌ಗಿಂತ ಬಫೆ ಕಡೆ ಜಾಸ್ತಿ ಗಮನ ಕೊಟ್ಟು ಬರ್ತೀವಿ. ಪಾಯಿಂಟಿಗೆ ಅದು ಬೇಕು, ಬಿಡೋಕಾಗಲ್ಲ. ಕಲಿಯೋಕೆ ಇದು.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಪೂರ್ತಿ ರಿವ್ಯೂ ಓದೋದು ದೊಡ್ಡ ಶಿಕ್ಷೆ, ಒಂದೊಂದು ನೂರು ಪುಟ ದಾಟುತ್ತೆ, ಮೊಬೈಲಲ್ಲಿ ಕೋಷ್ಟಕ ನೋಡೋಕೆ ಕಣ್ಣು ಸಾಲಲ್ಲ. ಅಪ್‌ಡೇಟೂ ನಿಧಾನ, ಲೆಪ್ಟೋದ್ದನ್ನೇ ನೋಡಿ, 2009 ಬಿಟ್ರೆ 2024. ಅದ್ರಿಂದ ತೀರ್ಮಾನ ಓದೋಕೆ ಮುಂಚೆ ಟ್ರಯಲ್‌ಗಳನ್ನ ಯಾವ ದಿನಾಂಕದವರೆಗೆ ಹುಡುಕಿದಾರೆ ಅಂತ ನೋಡ್ಕೊಳ್ಳಿ, ಸಾರಾಂಶದಲ್ಲೇ ಬರೆದಿರ್ತಾರೆ. ತೀರಾ ಹಳೇದಾಗಿದ್ರೆ ಅದೇ ವಿಷ್ಯನ ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನ ಹುಡುಕೋ ಸೈಟು) ಹಾಕಿ ಆ ದಿನಾಂಕದಿಂದ ಈಚೆಗೆ ಬಂದಿರೋ ಟ್ರಯಲ್ ಮಾತ್ರ ಫಿಲ್ಟರ್ ಮಾಡಿ, ಅದೂ ಫ್ರೀ.