ಸೊಲಾನಾ ಅಥವಾ ಆರ್ಬಿಟ್ರಮ್: ನಿಮ್ಮ ಆ್ಯಪ್‌ಗೆ ಯಾವುದು?

ಸೊಲಾನಾ, ಆರ್ಬಿಟ್ರಮ್ ಎರಡೂ ಆ್ಯಪ್ ಕಟ್ಟಬಹುದಾದ ಬ್ಲಾಕ್‌ಚೈನ್‌ಗಳು, ಅಂದರೆ ಹಲವು ಕಂಪ್ಯೂಟರ್‌ಗಳು ಹಂಚಿಕೊಂಡು ನಡೆಸುವ ಲೆಕ್ಕಪುಸ್ತಕಗಳು. ಸೊಲಾನಾ ಎಲ್ಲ ಕೆಲಸವನ್ನೂ ಒಂದೇ ಚೈನ್‌ನಲ್ಲಿ ಮುಗಿಸುತ್ತದೆ. ಪ್ರತಿ ವಹಿವಾಟು ತಾನು ಮುಟ್ಟುವ ಖಾತೆಗಳನ್ನು ಮೊದಲೇ ಹೇಳಬೇಕು. ಖಾತೆಗಳು ಬೇರೆಬೇರೆಯಾದರೆ ವಹಿವಾಟುಗಳು ಒಟ್ಟೊಟ್ಟಿಗೆ ಓಡುತ್ತವೆ. ಎಲ್ಲರೂ ಒಂದೇ ಖಾತೆಗೆ ಬರೆಯಹೊರಟರೆ ಸಾಲಿನಲ್ಲಿ ನಿಂತು ಕಾಯಲೇಬೇಕು. ಹಾಗಾಗಿ ಲೆಕ್ಕವನ್ನು ಒಂದೇ ಕಡೆ ಇಡದೆ ಬಳಕೆದಾರರಿಗೊಂದು ಖಾತೆಯಂತೆ ಹಂಚಿ. ಮೂಲ ಶುಲ್ಕ ಸಹಿಯೊಂದಕ್ಕೆ 5,000 ಲ್ಯಾಂಪೋರ್ಟ್, ಅಂದರೆ 0.000005 ಸೋಲ್ (ಸೋಲ್ ಸೊಲಾನಾದ ನಾಣ್ಯ, ಲ್ಯಾಂಪೋರ್ಟ್ ಅದರ ಅತಿ ಚಿಕ್ಕ ಭಾಗ). ಆದರೆ 2024ರ ಫೆಬ್ರವರಿ 6ರಂದು ಇಡೀ ಜಾಲವೇ ಸುಮಾರು 5 ಗಂಟೆ ನಿಂತಿತ್ತು.

ಆರ್ಬಿಟ್ರಮ್ ವಹಿವಾಟುಗಳನ್ನು ತಾನೇ ನಡೆಸಿ, ದತ್ತಾಂಶವನ್ನು ಕಂತೆ ಕಟ್ಟಿ ತನಗೆ ಆಧಾರವಾದ ಬ್ಲಾಕ್‌ಚೈನ್ ಇಥೀರಿಯಮ್‌ಗೆ ಒಪ್ಪಿಸುತ್ತದೆ. 2024ರ ಮಾರ್ಚ್‌ನಲ್ಲಿ ಬ್ಲಾಬ್ (ಇಂಥ ಕಂತೆಗಳನ್ನು ಇಥೀರಿಯಮ್‌ನಲ್ಲಿ ತಾತ್ಕಾಲಿಕವಾಗಿ, ಅಗ್ಗವಾಗಿ ಇಡುವ ಜಾಗ) ಬಂದ ಮೇಲೆ ಈ ಖರ್ಚು ಬಹಳ ಇಳಿಯಿತು. ತೊಡಕಿರುವುದು ಹಣವನ್ನು ಇಥೀರಿಯಮ್‌ಗೆ ವಾಪಸು ಪಡೆಯುವಲ್ಲಿ: ಎರಡು ಚೈನ್‌ಗಳ ನಡುವೆ ಹಣ ಸಾಗಿಸುವ ಅಧಿಕೃತ ಬ್ರಿಡ್ಜ್‌ನಲ್ಲಿ ಸುಮಾರು 7 ದಿನ ಕಾಯಬೇಕು, ತಪ್ಪು ಲೆಕ್ಕವನ್ನು ಪ್ರಶ್ನಿಸಲು ಇಟ್ಟಿರುವ ಅವಧಿ ಅದು.

ಇಥೀರಿಯಮ್ ಆ್ಯಪ್‌ಗಳ ಭಾಷೆಯಾದ ಸಾಲಿಡಿಟಿಯಲ್ಲಿ ಬರೆದ ಕೋಡ್ ಕೈಯಲ್ಲಿದ್ದರೆ ಆರ್ಬಿಟ್ರಮ್ಮೇ ಸರಿ. ಕ್ಷಣಕ್ಷಣಕ್ಕೂ ಚಿಲ್ಲರೆ ಪಾವತಿ ಆಗಬೇಕಾದರೆ ಸೊಲಾನಾ. ಆಗ ಸೊಲಾನಾ ಆ್ಯಪ್ ಬರೆಯುವ ಭಾಷೆ ರಸ್ಟ್ ಕಲಿಯಲು ಸಮಯ ಎತ್ತಿಡಿ.