ಹಳೇ ಗಣಿ ಪಕ್ಕದ ನೀರಿಗೆ ‘ಸುರಕ್ಷಿತ’ ಅಂತ ರಿಪೋರ್ಟ್ ಕೊಟ್ಟರೆ ನಂಬುವ ಮೊದಲು

ಮುಚ್ಚಿಹೋದ ಗಣಿಯ ಹತ್ತಿರ ಜಮೀನು ಕೊಳ್ಳುವವರು, ಬಾವಿ ತೋಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯವರೆಲ್ಲ ವರ್ಷಗಟ್ಟಲೆ ಕುಡಿದ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇತ್ತು. ಅದೇ ನೀರಿಗೆ ‘ಆರ್ಸೆನಿಕ್: ಪತ್ತೆಯಾಗಿಲ್ಲ’ ಎಂಬ ಲ್ಯಾಬ್ ರಿಪೋರ್ಟ್ ಕೂಡ ನಮ್ಮ ಕೈಯಲ್ಲಿತ್ತು.

ಜಮೀನು ಮಾರುವವರೇ ಒಬ್ಬ ಕನ್ಸಲ್ಟೆಂಟ್‌ನನ್ನು ಕರೆಸಿದ್ದರು. ಆತ ಬಂದಿದ್ದು ಕಡು ಬೇಸಿಗೆಯಲ್ಲಿ. ಬಾವಿಯಿಂದ ಒಂದೇ ಒಂದು ಬಾಟಲಿ ನೀರು ತುಂಬಿಕೊಂಡ. ಗಣಿ ತ್ಯಾಜ್ಯದ ದಿಬ್ಬದ ಕಡೆ ತಿರುಗಿಯೂ ನೋಡಲಿಲ್ಲ. ರಿಪೋರ್ಟ್ ಬಂತು: ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬ ಅಳತೆ) ಸರಿ, ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) ಸರಿ, ಗಡಸುತನ ಸರಿ, ಆರ್ಸೆನಿಕ್ ಪತ್ತೆಯಾಗಿಲ್ಲ. ಕೆಳಗೆ ‘ಕುಡಿಯಲು ಯೋಗ್ಯ’ ಎಂಬ ಮುದ್ರೆ.

ಆಮೇಲೊಂದು ಮಳೆಗಾಲದ ಶುರುವಿನಲ್ಲಿ ಪಕ್ಕದ ಹಳ್ಳದ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಲೋಳೆ ಕಟ್ಟಿತು, ಮೀನು ಸತ್ತು ತೇಲಿದವು. ಆಗ ಬೇರೆ ಲ್ಯಾಬ್‌ನಲ್ಲಿ ನೀರು ಪರೀಕ್ಷೆ ಮಾಡಿಸಿದೆವು. ಆರ್ಸೆನಿಕ್ ಲೀಟರಿಗೆ 38 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10.

ಹಳೇ ರಿಪೋರ್ಟ್ ತೆಗೆದು ಮತ್ತೆ ನೋಡಿದಾಗ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಂಡಿತು: ‘ಪತ್ತೆ ಮಿತಿ 50’. ಅಂದರೆ 50ಕ್ಕಿಂತ ಕಡಿಮೆ ಎಷ್ಟೇ ಇದ್ದರೂ ಆ ಪರೀಕ್ಷೆಗೆ ಕಾಣುವುದೇ ಇಲ್ಲ! 38 ಇದ್ದರೂ ‘ಪತ್ತೆಯಾಗಿಲ್ಲ’ ಅಂತಲೇ ಬರುತ್ತದೆ. ರಿಪೋರ್ಟ್‌ನಲ್ಲಿ ಸುಳ್ಳು ಬರೆದಿರಲಿಲ್ಲ, ಆದರೆ ಅದನ್ನು ತೋರಿಸಿ ‘ಯೋಗ್ಯ’ ಅಂತ ಮುದ್ರೆ ಒತ್ತಿದ್ದು ಮೋಸ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಪತ್ತೆ ಮಿತಿ ಕುಡಿಯುವ ನೀರಿನ ಮಿತಿಗಿಂತ ಸಾಕಷ್ಟು ಕೆಳಗಿರಬೇಕು. ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರ ಇರುವ ಲ್ಯಾಬ್‌ಗೆ ಇದು ಕಷ್ಟವೇ ಅಲ್ಲ.

ಸ್ಯಾಂಪಲ್ ತೆಗೆಯುವ ರೀತಿಯೂ ಅಷ್ಟೇ ಮುಖ್ಯ. ಆತ ನೀರು ತುಂಬಿದ್ದು ಸಾದಾ ಪ್ಲಾಸ್ಟಿಕ್ ಬಾಟಲಿಗೆ, ಅದಕ್ಕೆ ಏನೂ ಸೇರಿಸಲಿಲ್ಲ. ಲೋಹಗಳ ಪರೀಕ್ಷೆಗೆ ನೀರಿಗೆ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಇಲ್ಲದಿದ್ದರೆ ಲ್ಯಾಬ್ ತಲುಪುವಷ್ಟರಲ್ಲಿ ಕಬ್ಬಿಣ ತಳಕ್ಕೆ ಇಳಿಯುತ್ತದೆ, ಆರ್ಸೆನಿಕ್ಕನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಮೇಲಿನ ತಿಳಿನೀರನ್ನು ಪರೀಕ್ಷಿಸಿದರೆ ಏನು ಸಿಗುತ್ತದೆ ಹೇಳಿ?

ಇನ್ನು ಬೇಸಿಗೆಯ ವಿಷಯ. ಗಣಿಯ ಕಲ್ಲಿನಲ್ಲಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ನೀರು, ಗಾಳಿ ತಾಗಿದರೆ ಸಲ್ಫ್ಯೂರಿಕ್ ಆಸಿಡ್ ಹುಟ್ಟುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಈ ಕೆಲಸವನ್ನು ಇನ್ನೂ ಜೋರು ಮಾಡುತ್ತವೆ. ಆ ಆಸಿಡ್ ಕ್ಯಾಡ್ಮಿಯಂ, ಸತು, ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಒಣಗಿದಾಗ ಇವೆಲ್ಲ ಉಪ್ಪಿನ ಪುಡಿಯಾಗಿ ಕಲ್ಲಿನ ಮೇಲೆ ಕೂತಿರುತ್ತವೆ, ಮೊದಲ ಮಳೆಗೆ ಒಮ್ಮೆಲೇ ಕೊಚ್ಚಿಕೊಂಡು ಬರುತ್ತವೆ. ಅದಕ್ಕೇ ಬೇಸಿಗೆಯಲ್ಲೊಮ್ಮೆ, ಮೊದಲ ಮಳೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆಯಾದರೂ ನೋಡಬೇಕು. ಪಿಎಚ್ 7 ಇದೆ ಅಂತ ಸಮಾಧಾನ ಪಡಬೇಡಿ. ಆರ್ಸೆನಿಕ್‌ಗೆ ಆಸಿಡ್ ನೀರೇ ಬೇಕು ಅಂತಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ದಟ್ಟವಾಗುತ್ತದೆ.

ಗಣಿ ಮುಚ್ಚಿ ಎಷ್ಟೋ ವರ್ಷ ಆಯ್ತಲ್ವಾ ಅನ್ನುವವರೂ ಇದ್ದಾರೆ. ಗಣಿಯ ನೀರು ಹೊರಹಾಕುವ ಪಂಪ್ ನಿಲ್ಲಿಸಿದ ಮೇಲೆ ಒಳಗೆ ನೀರು ನಿಧಾನವಾಗಿ ಏರುತ್ತದೆ. ಇಂಗ್ಲೆಂಡಿನ ವೀಲ್ ಜೇನ್ ತವರದ ಗಣಿ ಮುಚ್ಚಿದ್ದು 1991ರಲ್ಲಿ, ವಿಷದ ನೀರು ನುಗ್ಗಿ ನದಿ ಸೇರಿದ್ದು 1992ರ ಜನವರಿಯಲ್ಲಿ. ಅಮೆರಿಕದ ಕೊಲರಾಡೋದ ಗೋಲ್ಡ್ ಕಿಂಗ್ ಗಣಿ ಕೆಲಸ ನಿಲ್ಲಿಸಿ ದಶಕಗಳೇ ಕಳೆದಿದ್ದವು. ಆದರೂ 2015ರ ಆಗಸ್ಟ್‌ನಲ್ಲಿ ಅದರಿಂದ ಸುಮಾರು 30 ಲಕ್ಷ ಗ್ಯಾಲನ್ ನೀರು ಹೊರಬಂದು ಆನಿಮಸ್ ನದಿಯೇ ಹಳದಿಯಾಯಿತು.

ನೀರಿನಷ್ಟೇ ಗಮನ ಮಣ್ಣಿನ ಮೇಲೂ ಇರಲಿ. ನಮ್ಮ ಅಂಗಳಕ್ಕೆ ಮೊದಲಿನ ಮಾಲೀಕರು ದಿಬ್ಬದಿಂದ ತಂದ ಬೂದು ಬಣ್ಣದ ನುಣ್ಣನೆ ಮರಳು ತುಂಬಿಸಿದ್ದರು. ಅದು ಅದಿರನ್ನು ಅರೆದು ಉಳಿದ ಪುಡಿ. ತಂಗಿಯ ಮಗು ಆಡುತ್ತಿದ್ದುದು ಅದರಲ್ಲೇ. ಮಗುವಿನ ರಕ್ತದಲ್ಲಿ ಸೀಸ ಜಾಸ್ತಿ ಇದೆ ಅಂತ ಗೊತ್ತಾದ ಮೇಲೆ ಆ ಮರಳನ್ನು ಪರೀಕ್ಷೆಗೆ ಕಳಿಸಿದೆವು, ಸೀಸ ಅದರಲ್ಲೂ ಇತ್ತು. ಮಕ್ಕಳು ಕೈ ಬಾಯಿಗೆ ಹಾಕಿಕೊಳ್ಳುತ್ತವೆ, ಧೂಳು ಒಳಗೆ ಹೋಗುತ್ತದೆ. ಈ ಭಾಗ ಕನ್ಸಲ್ಟೆಂಟ್‌ನ ರಿಪೋರ್ಟ್‌ನಲ್ಲಿ ಇರಲೇ ಇಲ್ಲ.

ಈಗಾಗಲೇ ಅಂಥ ಜಾಗದಲ್ಲಿ ಇರುವವರು ಕುಡಿಯಲು ಬೇರೆ ನೀರು ನೋಡಿಕೊಳ್ಳಿ. ಡಾಕ್ಟರಿಗೆ ಹಳೇ ಗಣಿಯ ಪಕ್ಕ ಇದ್ದೇವೆ ಅಂತ ನೀವೇ ಹೇಳಿ, ಅವರಾಗಿ ಕೇಳುವುದು ಕಡಿಮೆ. ಸೀಸಕ್ಕೆ ರಕ್ತ ಪರೀಕ್ಷೆ, ಆರ್ಸೆನಿಕ್‌ಗೆ ಮೂತ್ರ ಪರೀಕ್ಷೆ. ಮೂತ್ರ ಕೊಡುವ ಮುಂಚೆ ನಾಲ್ಕೈದು ದಿನ ಮೀನು, ಸಿಗಡಿ ತಿನ್ನಬೇಡಿ. ಅವುಗಳಲ್ಲಿರುವ ಬೇರೆ ಬಗೆಯ ಆರ್ಸೆನಿಕ್ ಸೇರಿಕೊಂಡು ಲೆಕ್ಕ ತಪ್ಪುತ್ತದೆ.